ಮುದ್ದೇಲಿ ಗಂಟು ಹಿಡಿಯೋ ಕೈಗೆ ಎದೇಲಿರೋ ಗಂಟೂ ಸಿಗುತ್ತೆ

ಮಾಲೂರು ಕಡೆ ನಮ್ಮ ಚಿಕ್ಕಮ್ಮ ಒಬ್ರು, ಸ್ನಾನ ಮಾಡುವಾಗ ಎದೇಲಿ ಗಂಟು ಸಿಕ್ಕಿದ್ರೂ ಆರು ತಿಂಗಳು ಯಾರ ಹತ್ರನೂ ಬಾಯಿ ಬಿಡ್ಲಿಲ್ಲ. ಯಾಕೆ ಅಂತ ಕೇಳಿದ್ರೆ "ನೋವೇ ಇರ್ಲಿಲ್ವಲ್ಲಮ್ಮ" ಅಂದ್ರು. ಎಡವೋದೇ ಅಲ್ಲಿ, ಕ್ಯಾನ್ಸರ್ ಗಂಟು ಶುರುನಲ್ಲಿ ಹೆಚ್ಚಾಗಿ ನೋಯೋದೇ ಇಲ್ಲ.

ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 10ನೇ ದಿನದೊಳಗೆ ನಿಮ್ಮ ಎದೇನ ನೀವೇ ಕಣ್ಣಲ್ಲಿ, ಕೈಯಲ್ಲಿ ಪರೀಕ್ಷೆ ಮಾಡಿ ನೋಡ್ಕೊಳ್ಳಿ, ಆಗ ಎದೆ ಬಿಗಿತ ಇಳಿದಿರುತ್ತೆ. ಮುಟ್ಟು ನಿಂತಿರೋರು ತಿಂಗಳಿಗೆ ಒಂದು ತಾರೀಕು ಇಟ್ಕೊಳ್ಳಿ ಸಾಕು.

ಮೊದ್ಲು ಬಾಗ್ಲು ಹಾಕ್ಕೊಂಡು ಒಳ್ಳೆ ಬೆಳಕಲ್ಲಿ ಕನ್ನಡಿ ಮುಂದೆ ನಿಲ್ಲಿ. ಕೈ ಇಳಿಬಿಟ್ಟು ಒಂದು ಸಲ, ಕೈಗಳನ್ನ ತಲೆ ಮೇಲಕ್ಕೆ ಎತ್ತಿ ಒಂದು ಸಲ, ಸೊಂಟ ಒತ್ತಿ ಹಿಡ್ಕೊಂಡು ಒಂದು ಸಲ ನೋಡಿ. ಒಂದು ದೊಡ್ಡದು ಒಂದು ಚಿಕ್ಕದು ಇರೋದು ಮಾಮೂಲಿ, ಹೆದರ್ಬೇಡಿ, ಹೊಸದಾಗಿ ಏನು ಬದಲಾಗಿದೆ ಅನ್ನೋದು ಮುಖ್ಯ: ಚರ್ಮ ಒಳಗೆ ಗುಳಿ ಬಿದ್ದಿರೋದು, ಕಿತ್ತಳೆ ಸಿಪ್ಪೆ ಥರ ಆಗಿರೋದು, ತೊಟ್ಟು ಒಳಗೆ ಸೇದ್ಕೊಂಡಿರೋದು, ತೊಟ್ಟಲ್ಲಿ ವಾಸಿಯಾಗದ ಗಾಯ, ತಾನಾಗೇ ರಕ್ತ ಬರೋದು.

ಆಮೇಲೆ ಮಲಗಿ. ಬಲಗಡೆ ನೋಡೋದಾದ್ರೆ ಬಲ ಭುಜದ ಕೆಳಗೆ ಸಣ್ಣ ದಿಂಬು, ಬಲಗೈ ತಲೆ ಹಿಂದೆ, ಎಡಗೈಯ ನಡುವಿನ ಮೂರು ಬೆರಳು ಮಾತ್ರ, ಅದೂ ತುದಿ ಅಲ್ಲ, ಬೆರಳಿನ ಮೆತ್ತನೆ ಭಾಗ. ಒಂದೊಂದು ಜಾಗದಲ್ಲೂ ರೂಪಾಯಿ ಬಿಲ್ಲೆಯಷ್ಟು ಸುತ್ತು, ಮೊದ್ಲು ಹಗುರಕ್ಕೆ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ಸಿಗೋ ತನಕ. ಹೊಲ ಉತ್ತ ಹಾಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸಾಲು ಬಿಡದೆ ಹೋಗಿ, ಕಾಲರ್ ಮೂಳೆಯಿಂದ ಬ್ರಾ ಪಟ್ಟಿ ತನಕ, ಎದೆ ನಡುವಿಂದ ಕಂಕುಳ ತನಕ. ಕಂಕುಳನ್ನ ಎಲ್ರೂ ಬಿಟ್ಬಿಡ್ತಾರೆ, ಬಿಡ್ಬೇಡಿ. ಮುದ್ದೆ ಕಟ್ಟುವಾಗ ಒಳಗೆ ಹಸಿಹಿಟ್ಟಿನ ಗಂಟು ಉಳಿದಿದ್ರೆ ಕಣ್ಣಿಗೆ ಕಾಣದಿದ್ರೂ ಕೈಗೆ ಗೊತ್ತಾಗುತ್ತಲ್ಲ, ಇದೂ ಅಷ್ಟೇ, ಆದ್ರೆ ಮೊದಲೆರಡು ತಿಂಗಳು ಎಲ್ಲಾ ಗಂಟು ಥರಾನೇ ಅನ್ಸುತ್ತೆ, ನಿಮ್ಮ ಎದೆ ಮಾಮೂಲಿಯಾಗಿ ಹೆಂಗಿರುತ್ತೆ ಅನ್ನೋದು ಕೈಗೆ ರೂಢಿ ಆಗ್ಬೇಕು.

ಗಂಟು ಸಿಕ್ತು ಅಂದ ತಕ್ಷಣ ಕ್ಯಾನ್ಸರ್ ಅಲ್ಲ, ಬಹುಪಾಲು ಗಂಟು ಬೇರೆ ಏನೋ ಆಗಿರುತ್ತೆ. ಆದ್ರೆ ಅದನ್ನ ಹೇಳೋದು ಪರೀಕ್ಷೆ, ಪಕ್ಕದ್ಮನೆ ಅಕ್ಕ ಅಲ್ಲ. ಚಿಕ್ಕ ವಯಸ್ಸಿನೋರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, 40 ದಾಟಿದ್ರೆ ಮ್ಯಾಮೊಗ್ರಾಮ್ ಅಂದ್ರೆ ಎದೆ ಎಕ್ಸ್‌ರೇ, ಅನುಮಾನ ಇದ್ರೆ ಸೂಜೀಲಿ ಚೂರು ತೆಗೆದು ಬಯಾಪ್ಸಿ.

ಇನ್ನೊಂದು ಮಾತು ಮುಚ್ಚಿಡಲ್ಲ. ಶಾಂಘೈನಲ್ಲಿ 2.66 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಬರೀ ತಾವೇ ನೋಡ್ಕೊಂಡಿದ್ರಿಂದ ಎದೆ ಕ್ಯಾನ್ಸರ್‌ನಿಂದಾಗೋ ಸಾವು ಕಮ್ಮಿ ಆಗ್ಲಿಲ್ಲ. ಆದ್ರೆ ಮುಂಬೈನಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಪರೀಕ್ಷೆ ಮಾಡಿದಾಗ 50 ದಾಟಿದೋರಲ್ಲಿ ಆ ಸಾವು ಸುಮಾರು ಶೇ 30 ಕಮ್ಮಿ ಆಯ್ತು. ಅದಕ್ಕೇ 30 ದಾಟಿದೋರು ಊರಿನ ಪಿಎಚ್‌ಸಿಗೂ (ಪ್ರಾಥಮಿಕ ಆರೋಗ್ಯ ಕೇಂದ್ರ) ಹೋಗಿ ತೋರಿಸ್ಕೊಳ್ಳಿ, ಸರ್ಕಾರಿ ತಪಾಸಣೆ ಇದೆ. ಮುಂದಕ್ಕೆ ಬೇಕಾದ್ರೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ನಾಚಿಕೆ ಅನ್ಸಿದ್ರೆ ಚೀಟಿ ಮಾಡಿಸುವಾಗ್ಲೇ ಲೇಡಿ ಡಾಕ್ಟರ್ ಇದಾರಾ ಅಂತ ಕೇಳಿ, ಗಂಟು ಯಾವ ಕಡೆ, ಯಾವಾಗಿಂದ, ಕೊನೆ ಮುಟ್ಟು ಯಾವತ್ತು ಅಂತ ಒಂದು ಚೀಟೀಲಿ ಬರ್ಕೊಂಡೇ ಹೋಗಿ, ಒಳಗೆ ಹೋದ್ಮೇಲೆ ಗಾಬರೀಲಿ ಅರ್ಧ ಮರ್ತೋಗುತ್ತೆ.