ಒಲ್ಲೆ ಎನ್ನುವ ರೋಗಿ ಮತ್ತು ಹಳೆಯ ವೈದ್ಯರ ಸಲಹೆ: ನನ್ನ ಅನುಭವ

ರೋಗ ಯಾವುದೆಂದು ಗೊತ್ತಾಗಿ, ಅದಕ್ಕೆ ತಕ್ಕ ಔಷಧವೂ ಕೈಯಲ್ಲಿದ್ದು, ರೋಗಿ ಮಾತ್ರ ‘ನನಗೆ ಬೇಡ’ ಎಂದು ಗೋಡೆಯ ಕಡೆ ಹೊರಳಿದಾಗ ವೈದ್ಯರಾದವರು ಏನು ಮಾಡಬೇಕು ಎಂಬುದನ್ನು ನನಗೆ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದ್ದು ಬಹಳ ಕಡಿಮೆ. ಯಾವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬೇಕು, ಯಾರನ್ನು ಸಾಕ್ಷಿಯಾಗಿ ನಿಲ್ಲಿಸಬೇಕು ಎಂಬುದನ್ನು ಹೇಳಿಕೊಟ್ಟಿದ್ದರು. ಸಹಿಗೆ ಮುಂಚೆ ಆ ಮಂಚದ ಪಕ್ಕದಲ್ಲಿ ಆಡಬೇಕಾದ ಮಾತು ಯಾವುದೆಂದು ಯಾರೂ ಹೇಳಿರಲಿಲ್ಲ. ಅದನ್ನು ಹುಡುಕಿಕೊಂಡು ನಾನು ಹಳೆಯ ವೈದ್ಯಗ್ರಂಥಗಳನ್ನು ಓದತೊಡಗಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ರೋಗಿಗಳು ಒಲ್ಲೆ ಎನ್ನುತ್ತ ಬಂದಿದ್ದಾರೆ, ವೈದ್ಯರು ಅದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾರೆ. ಆ ಉತ್ತರಗಳಲ್ಲಿ ಕೆಲವನ್ನು ನಾನು ವಾರ್ಡಿಗೆ ತಂದುಕೊಂಡೆ, ಕೆಲವನ್ನು ಗ್ರಂಥದಲ್ಲಿಯೇ ಬಿಟ್ಟೆ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಗ್ರೀಕ್ ತತ್ವಜ್ಞಾನಿ ಪ್ಲೇಟೋ ಬರೆದ ಸಂವಾದವೊಂದರಲ್ಲಿ ಬರುವ ಪ್ರಸಂಗ. ಗಾರ್ಜಿಯಸ್ ಎಂಬ ವಾಗ್ಮಿಯ ಸಹೋದರ ಹೆರೋಡಿಕಸ್ ವೈದ್ಯನಾಗಿದ್ದ. ಅವನ ಜೊತೆಗೂ ಬೇರೆ ವೈದ್ಯರ ಜೊತೆಗೂ ತಾನು ರೋಗಿಗಳ ಬಳಿಗೆ ಹೋಗಿದ್ದೇನೆ, ಔಷಧ ಕುಡಿಯಲೊಲ್ಲದವರನ್ನು, ಕೊಯ್ಯಿಸಿಕೊಳ್ಳಲು ಅಥವಾ ಸುಡಿಸಿಕೊಳ್ಳಲು ಒಲ್ಲದವರನ್ನು ವೈದ್ಯರು ಒಪ್ಪಿಸಲಾರದೆ ಹೋದಾಗ ತಾನು ಬರಿಯ ಮಾತಿನ ಬಲದಿಂದಲೇ ಒಪ್ಪಿಸಿದ್ದೇನೆ ಎಂದು ಗಾರ್ಜಿಯಸ್ ಹೇಳಿಕೊಳ್ಳುತ್ತಾನೆ. ಪ್ಲೇಟೋ ಇದನ್ನು ಮೆಚ್ಚುಗೆಯಿಂದ ಬರೆದದ್ದಲ್ಲ. ವಿಷಯ ತಿಳಿಯದವನ ಮಾತು ತಿಳಿದವನ ಮಾತನ್ನು ಮೀರಿಸುವುದರ ಅಪಾಯ ಅವನಿಗೆ ಚೆನ್ನಾಗಿ ಕಂಡಿತ್ತು. ಆದರೂ ಕೇವಲ ರೋಗವನ್ನು ಬಲ್ಲವನು ರೋಗಿಯ ಮುಂದೆ ಸೋಲಬಹುದು ಎಂಬುದು ಆಗಲೇ ಎಲ್ಲರಿಗೂ ತಿಳಿದಿದ್ದ ಸಂಗತಿಯೆಂದು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ.

ಪ್ಲೇಟೋ ತನ್ನ ಕೊನೆಗಾಲದ ಕೃತಿಯಲ್ಲಿ ಇನ್ನೊಂದು ಹೋಲಿಕೆ ಕೊಡುತ್ತಾನೆ, ನನ್ನ ದಿನನಿತ್ಯದ ಕೆಲಸದ ರೀತಿಯನ್ನು ಬದಲಿಸಿದ್ದು ಅದು. ಗುಲಾಮರಿಗೆ ಚಿಕಿತ್ಸೆ ಕೊಡುವ ಗುಲಾಮ ವೈದ್ಯನು ರೋಗದ ವಿವರ ಕೇಳುವುದಿಲ್ಲ, ತಾನೂ ಹೇಳುವುದಿಲ್ಲ. ಸರ್ವಾಧಿಕಾರಿಯಂತೆ ಆಜ್ಞೆ ಮಾಡಿ ಮುಂದಿನ ರೋಗಿಯ ಕಡೆ ಧಾವಿಸುತ್ತಾನೆ. ಸ್ವತಂತ್ರ ಜನರ ವೈದ್ಯನಾದರೋ ರೋಗವನ್ನು ಮೊದಲಿನಿಂದ ವಿಚಾರಿಸುತ್ತಾನೆ, ರೋಗಿಯ ಜೊತೆಗೂ ಅವನ ಆಪ್ತರ ಜೊತೆಗೂ ಮಾತಾಡಿ ತಾನು ಕಲಿಯುತ್ತಾನೆ, ಅವರಿಗೂ ಕಲಿಸುತ್ತಾನೆ, ಮತ್ತು ರೋಗಿಯ ಮನವೊಲಿಸುವ ತನಕ ಔಷಧವನ್ನೇ ವಿಧಿಸುವುದಿಲ್ಲ. ಇದನ್ನು ನೋಡಿದ ಗುಲಾಮ ವೈದ್ಯ ‘ನೀನು ರೋಗಿಗೆ ಚಿಕಿತ್ಸೆ ಕೊಡುತ್ತಿಲ್ಲ, ಅವನನ್ನು ವೈದ್ಯನನ್ನಾಗಿ ಮಾಡಲು ಹೊರಟಂತೆ ಪಾಠ ಹೇಳುತ್ತಿದ್ದೀಯ’ ಎಂದು ನಗುತ್ತಾನಂತೆ. ಬೆಳಗಿನ ರೌಂಡ್ಸ್‌ನಲ್ಲಿ ನಮ್ಮಲ್ಲಿ ಬಹಳ ಮಂದಿ ಮಾಡುವುದು ಯಾವ ವೈದ್ಯನ ಕೆಲಸ ಎಂದು ಇದನ್ನು ಓದಿದ ದಿನದಿಂದ ನಾನು ಯೋಚಿಸುತ್ತಲೇ ಇದ್ದೇನೆ. ಈಗ ಬೇಡವೆಂದ ರೋಗಿಯ ಬಳಿಗೆ ರೌಂಡ್ಸ್ ಮುಗಿದ ಮೇಲೆ ಒಬ್ಬನೇ ಹೋಗುತ್ತೇನೆ, ಕೇಸ್ ಶೀಟನ್ನು ನರ್ಸ್ ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ, ಮತ್ತು ಸ್ಟೂಲು ಎಳೆದುಕೊಂಡು ಕುಳಿತುಕೊಳ್ಳುತ್ತೇನೆ. ಕುಳಿತುಕೊಳ್ಳುವುದೂ ಹಳೆಯ ಸಲಹೆಯೇ: ಅನುಭವಸ್ಥ ವೈದ್ಯನು ಬಂದ ಕೂಡಲೇ ರೋಗಿಯ ಕೈ ಹಿಡಿದು ನಾಡಿ ನೋಡಬಾರದು, ಮೊದಲು ಪ್ರಸನ್ನ ಮುಖದಿಂದ ಕುಳಿತು ಹೇಗಿದ್ದೀರಿ ಎಂದು ವಿಚಾರಿಸಬೇಕು, ರೋಗಿಗೆ ಭಯವಿದ್ದರೆ ಅದನ್ನು ಮಾತಿನಿಂದ ಇಳಿಸಬೇಕು ಎಂದು ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಕ್ರಿ.ಶ. ಒಂದನೇ ಶತಮಾನದಲ್ಲಿಯೇ ಬರೆದಿದ್ದಾನೆ.

ಭಯದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಚರಕಸಂಹಿತೆ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ರೋಗಿಯಲ್ಲಿ ಇರಬೇಕಾದ ಗುಣಗಳೆಂದು ಸ್ಮೃತಿ, ಹೇಳಿದಂತೆ ನಡೆಯುವುದು, ಭಯವಿಲ್ಲದಿರುವುದು, ತನ್ನ ರೋಗವನ್ನು ವಿವರಿಸಬಲ್ಲದ್ದು ಎಂಬ ನಾಲ್ಕನ್ನು ಅದು ಎಣಿಸುತ್ತದೆ. ಈ ಪಟ್ಟಿಯನ್ನು ರೋಗಿಗೆ ಕೊಡುವ ಅಂಕಪಟ್ಟಿಯಂತೆ ಓದುವವರಿದ್ದಾರೆ. ನಾನು ಅದನ್ನು ನಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನಾಗಿ ಮಾಡಿಕೊಂಡೆ. ಈ ರೋಗಿ ಹೇಳಿದಂತೆ ನಡೆಯುತ್ತಿಲ್ಲವಾದರೆ ಉಳಿದ ಮೂರರಲ್ಲಿ ಯಾವುದು ತಪ್ಪಿದೆ? ನಿನ್ನೆ ಹೇಳಿದ್ದು ನೆನಪಿಲ್ಲವೇ, ಹೆದರಿಕೆಯೇ, ಅಥವಾ ತನಗೆ ಆಗುತ್ತಿರುವುದನ್ನು ಹೇಳಲು ಬಾರದೆ ‘ಬೇಡ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದಾರೆಯೇ?

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿದ್ದ ಹಿರಿಯರೊಬ್ಬರ ಕಾಲಿನ ಬೆರಳು ಗ್ಯಾಂಗ್ರೀನ್ ಆಗಿ ಕಪ್ಪಾಗಿತ್ತು. ಬೆರಳು ತೆಗೆಯದಿದ್ದರೆ ಸೋಂಕು ಪಾದಕ್ಕೆ ಏರುವುದು ಖಚಿತವಿತ್ತು. ಅವರು ಮಾತ್ರ ಸುತರಾಂ ಒಪ್ಪಲಿಲ್ಲ. ಡ್ರೆಸ್ಸಿಂಗ್ ಮುಗಿದ ಕೂಡಲೇ ಹೊದಿಕೆಯನ್ನು ಪಾದದ ಮೇಲೆ ಎಳೆದು, ಅದರ ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೆರಳು ಕಳೆದುಕೊಳ್ಳುವ ದುಃಖವೆಂದು ನಾವೆಲ್ಲ ಭಾವಿಸಿದ್ದೆವು. ‘ಇದರಲ್ಲಿ ನಿಮಗೆ ಎಲ್ಲಕ್ಕಿಂತ ಬೇಡವಾದದ್ದು ಯಾವುದು?’ ಎಂದು ಕೇಳಿ ನಾನು ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಅವರು, ‘ಬೆರಳು ಹೋದರೆ ಹೋಗಲಿ ಡಾಕ್ಟ್ರೇ, ನನ್ನ ಪ್ರಜ್ಞೆ ತಪ್ಪಿಸಬೇಡಿ. ನಮ್ಮಣ್ಣನನ್ನು ಹಾಗೆ ಮಲಗಿಸಿದವರು ಮತ್ತೆ ಎಬ್ಬಿಸಲಿಲ್ಲ’ ಎಂದರು. ಅವರು ನಿರಾಕರಿಸುತ್ತಿದ್ದದ್ದು ಶಸ್ತ್ರಚಿಕಿತ್ಸೆಯನ್ನಲ್ಲ, ಅರಿವಳಿಕೆಯನ್ನು. ಪಾದದ ನರಗಳಷ್ಟೇ ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟು, ಅವರು ಎಚ್ಚರವಾಗಿರುವಾಗಲೇ ಬೆರಳು ತೆಗೆಯಬಹುದು ಎಂದು ವಿವರಿಸಿದೆ. ಅರಿವಳಿಕೆ ತಜ್ಞರನ್ನೇ ಕರೆತಂದು ಅವರ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಿಸಿದೆ. ಮರುದಿನ ಬೆಳಿಗ್ಗೆ ಅವರೇ ಹೊದಿಕೆ ಸರಿಸಿ ಪಾದ ತೋರಿಸಿದರು. ಅಂದಿನಿಂದ ‘ಚಿಕಿತ್ಸೆಗೆ ನಿರಾಕರಣೆ’ ಎಂದಷ್ಟೇ ಬರೆದ ಕೇಸ್ ಶೀಟನ್ನು ನಾನು ಪೂರ್ಣವೆಂದು ಪರಿಗಣಿಸುವುದಿಲ್ಲ. ಚಿಕಿತ್ಸೆಯ ಯಾವ ಭಾಗ ಬೇಡ, ರೋಗಿ ಹೇಳಿದ ಕಾರಣವೇನು ಎಂಬುದನ್ನು ಅವರದೇ ಮಾತಿನಲ್ಲಿ ಬರೆಯಬೇಕೆಂದು ಕಿರಿಯ ವೈದ್ಯರಿಗೆ ಹೇಳುತ್ತೇನೆ.

ಇನ್ನು ಗ್ರಂಥದಲ್ಲಿಯೇ ಬಿಟ್ಟ ಸಲಹೆಗಳು. ಅದೇ ಚರಕಸಂಹಿತೆ ರಾಜಯಕ್ಷ್ಮದ, ಎಂದರೆ ಕ್ಷಯದ, ಚಿಕಿತ್ಸೆಯಲ್ಲಿ, ದೇಹ ಸೊರಗಿದ ರೋಗಿಗೆ ಕಾಗೆಯ ಮಾಂಸವನ್ನು ತಿತ್ತಿರಿ ಹಕ್ಕಿಯದೆಂದು, ಹುರಿದ ಎರೆಹುಳುಗಳನ್ನು ಮೀನಿನ ಕರುಳೆಂದು ಹೇಳಿ ಕೊಡಬೇಕೆನ್ನುತ್ತದೆ. ನಿಜ ತಿಳಿದರೆ ರೋಗಿ ಹೇಸಿಗೆಯಿಂದ ತಿನ್ನುವುದಿಲ್ಲ, ತಿಂದರೂ ವಾಂತಿ ಮಾಡಿಕೊಳ್ಳುತ್ತಾನೆ ಎಂಬುದು ಅದು ಕೊಡುವ ಕಾರಣ. ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ದೊರೆಯ ಶಸ್ತ್ರವೈದ್ಯನಾಗಿದ್ದ ಹೆನ್ರಿ ದ ಮಾಂಡೆವಿಲ್ ಇನ್ನೂ ಮುಂದೆ ಹೋಗುತ್ತಾನೆ: ರೋಗಿಯನ್ನು ಉಲ್ಲಾಸದಲ್ಲಿಡಲು ತಂತಿವಾದ್ಯ ನುಡಿಸಬಹುದು, ಅವನ ಶತ್ರುಗಳು ಸತ್ತರೆಂದು ಸುಳ್ಳು ಪತ್ರ ಸೃಷ್ಟಿಸಬಹುದು, ಅವನು ಪಾದ್ರಿಯಾಗಿದ್ದರೆ ಬಿಷಪ್ ಆಗಿ ಆಯ್ಕೆಯಾದನೆಂದು ಹೇಳಬಹುದು. ಈ ಇಬ್ಬರ ಉದ್ದೇಶದಲ್ಲಿಯೂ ದುಷ್ಟತನವಿಲ್ಲ, ರೋಗಿ ಬದುಕಲಿ ಎಂಬ ತವಕವೇ ಇದೆ. ಆದರೆ ಅನ್ನದಲ್ಲಿ ಮಾತ್ರೆ ಬೆರೆಸಿ ಕೊಡಿ ಎಂದು ಮನೆಯವರು ಗುಟ್ಟಾಗಿ ಕೇಳಿದಾಗಲೆಲ್ಲ ನಾನು ಆಗದು ಎಂದಿದ್ದೇನೆ. ಗುಟ್ಟು ಬಯಲಾದ ದಿನ ರೋಗಿ ಮಾತ್ರೆಯ ಜೊತೆಗೆ ಅನ್ನವನ್ನೂ ಬಿಡುತ್ತಾರೆ, ಮನೆಯವರ ಮೇಲಿನ ನಂಬಿಕೆಯನ್ನೂ ಬಿಡುತ್ತಾರೆ.

ಆಜ್ಞೆಯ ದಾರಿಯೂ ಅಷ್ಟೇ ಹಳೆಯದು. ರೋಗಿಯು ವೈದ್ಯನಿಗೆ, ಒಡೆಯನಿಗೆ ಆಳು ವಿಧೇಯನಾಗಿರುವಂತೆ ಇರಬೇಕೆಂದು ಫ್ರಾನ್ಸಿನ ಶಸ್ತ್ರವೈದ್ಯ ಗೀ ದ ಶೋಲಿಯಾಕ್ 1363ರಲ್ಲಿ ಬರೆದ. ಸುಮಾರು ಐದು ಶತಮಾನಗಳ ಬಳಿಕ, 1847ರಲ್ಲಿ, ಅಮೆರಿಕದ ವೈದ್ಯಕೀಯ ಸಂಘ ತನ್ನ ಮೊದಲ ನೀತಿಸಂಹಿತೆಯಲ್ಲಿ ರೋಗಿಯ ವಿಧೇಯತೆ ತತ್‌ಕ್ಷಣದ್ದೂ ಪ್ರಶ್ನಾತೀತವಾದದ್ದೂ ಆಗಿರಬೇಕು, ತನ್ನ ಅಪಕ್ವ ಅಭಿಪ್ರಾಯಗಳನ್ನು ಅವನು ನಡುವೆ ತರಬಾರದು ಎಂದಿತು. ಬಲವಂತದಿಂದ ಏನಾಗುತ್ತದೆ ಎಂಬುದಕ್ಕೆ ಸೆಲ್ಸಸ್ ಹೇಳುವ ಕಥೆಯೊಂದಿದೆ. ಆಂಟಿಗೊನಸ್ ದೊರೆಯ ಗೆಳೆಯನೊಬ್ಬನಿಗೆ ಮೈಯಲ್ಲಿ ನೀರು ತುಂಬುವ ಕಾಯಿಲೆ ಇನ್ನೂ ಸೌಮ್ಯವಾಗಿಯೇ ಇತ್ತು. ಆದರೆ ಅವನು ಹಿಡಿತವಿಲ್ಲದವನೆಂದು ಹೆಸರಾಗಿದ್ದ. ಕ್ರಿಸಿಪಸ್‌ನ ಶಿಷ್ಯನಾದ ವೈದ್ಯನೊಬ್ಬ ಅವನು ಗುಣವಾಗುವುದಿಲ್ಲವೆಂದ. ಎಪಿರಸ್‌ನ ಫಿಲಿಪ್ ಎಂಬ ವೈದ್ಯ ತಾನು ಗುಣಪಡಿಸುತ್ತೇನೆಂದ. ಅದಕ್ಕೆ ಮೊದಲನೆಯವನು, ಫಿಲಿಪ್ ರೋಗವನ್ನು ನೋಡುತ್ತಿದ್ದಾನೆ, ನಾನು ರೋಗಿಯ ಮನಸ್ಸನ್ನು ನೋಡುತ್ತಿದ್ದೇನೆ ಎಂದನಂತೆ. ವೈದ್ಯನಷ್ಟೇ ಅಲ್ಲದೆ ದೊರೆಯೂ ಕಾವಲಿಟ್ಟರೂ ಆ ರೋಗಿ ಮೈಗೆ ಹಚ್ಚಿದ ಲೇಪವನ್ನು ತಿಂದು, ತನ್ನ ಮೂತ್ರವನ್ನೇ ಕುಡಿದು ಸತ್ತ. ನೀರು ಕುಡಿಯಬಾರದ ರೋಗಿಯ ಬಾಯಾರಿಕೆಯನ್ನು ಕಣ್ಣಾರೆ ಕಂಡವರಿಗೆ ಈ ಕಥೆ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಕಾವಲು ಹೆಚ್ಚಾದಷ್ಟೂ ರೋಗಿ ಮುಚ್ಚಿಡುವುದೂ ಹೆಚ್ಚುತ್ತದೆ. ರೋಗಿಗಳು ಔಷಧ ತೆಗೆದುಕೊಂಡ ಬಗ್ಗೆ ಸುಳ್ಳು ಹೇಳುವುದುಂಟು, ಗಮನವಿಡಿ ಎಂದು ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲೊಂದು ಎಚ್ಚರಿಸುತ್ತದೆ. ನಾನು ಅದಕ್ಕಾಗಿ ಪ್ರಶ್ನೆಯನ್ನೇ ತಿರುಗಿಸಿದ್ದೇನೆ. ‘ಮಾತ್ರೆ ತೆಗೆದುಕೊಂಡಿರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಇವುಗಳಲ್ಲಿ ನುಂಗಲು ಮನಸ್ಸೇ ಬಾರದ ಮಾತ್ರೆ ಯಾವುದು?’ ಎಂದರೆ ಬಹಳಷ್ಟು ಜನ ತಡಮಾಡದೆ ಬೆರಳಿಟ್ಟು ತೋರಿಸುತ್ತಾರೆ.

ಅಲ್ಲಿಂದ ಮುಂದಕ್ಕೆ ನಾನು ನೆಚ್ಚಿಕೊಂಡಿರುವುದು ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ ತನ್ನ ವಿದ್ಯಾರ್ಥಿಗಳಿಗೆ ಹೇಳಿದ ಮಾತನ್ನು: ಸಣ್ಣಪುಟ್ಟ ವಿಷಯಗಳಲ್ಲಿ ರೋಗಿಗೆ ಮಣಿಯಿರಿ, ಪ್ರಾಣಕ್ಕೆ ಸಂಬಂಧಿಸಿದ್ದರಲ್ಲಿ ಮಾತ್ರ ನಿಮ್ಮ ಅಧಿಕಾರವನ್ನು ಸಡಿಲಿಸಬೇಡಿ. ಈ ಸಲಹೆಯ ಮೊದಲರ್ಧ ನಿಜವಾಗಿಯೂ ಬಂಗಾರದಂಥದು. ಬೇಡವೆಂದ ರೋಗಿಯ ಮುಂದೆ ನಾನು ಇಡೀ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಹರವುತ್ತೇನೆ. ರಾತ್ರಿಯ ರಕ್ತಪರೀಕ್ಷೆಯನ್ನು ಬೆಳಿಗ್ಗೆಗೆ ಮುಂದೂಡಬಹುದೇ, ಮೂರು ಹೊತ್ತಿನ ಮಾತ್ರೆಗಳನ್ನು ಒಂದು ಹೊತ್ತಿಗೆ ಇಳಿಸಬಹುದೇ, ಇನ್ಸುಲಿನ್ ಚುಚ್ಚುವುದನ್ನು ಅವರ ಕೈಗೇ ಕೊಡಬಹುದೇ ಎಂದು ನೋಡುತ್ತೇನೆ. ಬಿಟ್ಟುಕೊಡಬಹುದಾದುದನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಉಳಿಯುವ ಒಂದೆರಡು ಸಂಗತಿಗಳ ಬಗ್ಗೆ ನಾನು ಗಟ್ಟಿಯಾಗಿ ಮಾತಾಡಿದರೆ ರೋಗಿ ಕಿವಿಗೊಡುತ್ತಾರೆ.

ಎರಡನೆಯರ್ಧವನ್ನು ಮಾತ್ರ ಇಂದು ಹಾಗೆಯೇ ಒಪ್ಪಲಾಗದು. 1914ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ, ಪ್ರಾಪ್ತ ವಯಸ್ಸಿನ, ಸ್ವಸ್ಥ ಮನಸ್ಸಿನ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನಾಗಬೇಕೆಂಬುದನ್ನು ನಿರ್ಧರಿಸುವ ಹಕ್ಕಿದೆ ಎಂದು ಬರೆದ ಮೇಲೆ, ಪ್ರಾಣದ ವಿಷಯದಲ್ಲಿಯೂ ಕೊನೆಯ ಮಾತು ರೋಗಿಯದೇ ಎಂಬ ವಿಚಾರ ನಿಧಾನವಾಗಿ ಬೇರೂರಿತು. ಪ್ರಾಚೀನ ರೋಮಿನ ಲೇಖಕ ಕಿರಿಯ ಪ್ಲಿನಿಯ ಪತ್ರವೊಂದರಲ್ಲಿ ಬರುವ ಕೊರೆಲಿಯಸ್ ರೂಫಸ್ 33ನೇ ವಯಸ್ಸಿನಿಂದ ಗೌಟ್ ಎಂಬ ಕೀಲುರೋಗದ ನೋವಿನಲ್ಲಿ ಬೆಂದವನು. 67ನೇ ವಯಸ್ಸಿನಲ್ಲಿ ಅವನು ಆಹಾರ ಬಿಟ್ಟ, ಮತ್ತು ಊಟ ನೀಡಲು ಬಂದ ವೈದ್ಯನಿಗೆ ‘ನಾನು ತೀರ್ಮಾನಿಸಿಯಾಗಿದೆ’ ಎಂದಷ್ಟೇ ಹೇಳಿದ. ಬೆರಳು ತೆಗೆಸಲು ಒಪ್ಪದ ಹಿರಿಯರ ‘ಬೇಡ’ಕ್ಕೂ ಈ ‘ಬೇಡ’ಕ್ಕೂ ಇರುವ ಅಂತರವನ್ನು ಗುರುತಿಸುವುದು ನನ್ನ ಕೆಲಸದ ಅತ್ಯಂತ ಕಠಿಣ ಭಾಗ. ಜ್ವರದ ಭ್ರಮೆ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಚಿಕಿತ್ಸೆಯಿಂದ ವಾಸಿಯಾಗಬಲ್ಲ ಖಿನ್ನತೆ ಇವು ಯಾವುವೂ ಆ ಮಾತಿನ ಹಿಂದೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುತ್ತೇನೆ. ಚಿಕಿತ್ಸೆ ಬಿಟ್ಟರೆ ಏನಾಗುತ್ತದೆಂಬುದನ್ನು ರೋಗಿಯೇ ತಮ್ಮ ಮಾತಿನಲ್ಲಿ ನನಗೆ ತಿರುಗಿ ಹೇಳಬೇಕು. ಬೇರೊಂದು ದಿನ ಮತ್ತೆ ಕೇಳುತ್ತೇನೆ. ಉತ್ತರ ಅದೇ ಆಗಿದ್ದರೆ ವಾದ ನಿಲ್ಲಿಸುತ್ತೇನೆ.

ವಾದ ನಿಲ್ಲಿಸಿದ ಮೇಲೆ ಏನು ಮಾಡಬೇಕೆಂಬುದರಲ್ಲಿ ಹಳೆಯ ಗ್ರಂಥಗಳು ನನಗೆ ಸಾಲುವುದಿಲ್ಲ. ರೋಗಕ್ಕೆ ಪೂರ್ತಿ ಸೋತವರಿಗೆ ಕೈ ಹಾಕಬೇಡಿ ಎಂದು ಗ್ರೀಕರು ಹೇಳಿದರು; ಸಾವಿನತ್ತ ಹೊರಟವರ ವಿಷಯದಲ್ಲಿ ಉಪೇಕ್ಷೆ ಎಂದು ಚರಕ ಹೇಳಿದ. ಡಯಾಲಿಸಿಸ್ ಬೇಡವೆಂದು ವಿಚಾರಮಾಡಿ ನಿರ್ಧರಿಸಿದವರನ್ನು ನಾನು ನನ್ನ ಪಟ್ಟಿಯಲ್ಲಿಯೇ ಉಳಿಸಿಕೊಳ್ಳುತ್ತೇನೆ. ಅವರ ಉಸಿರಾಟದ ಕಷ್ಟಕ್ಕೆ, ತುರಿಕೆಗೆ, ವಾಕರಿಕೆಗೆ, ನಿದ್ದೆಗೆಡುವುದಕ್ಕೆ ಔಷಧವಿದೆ, ಅದನ್ನು ಅವರು ಬೇಡವೆಂದಿಲ್ಲ. ನಿರ್ಧಾರವನ್ನು ಯಾವ ದಿನ ಬೇಕಾದರೂ ಬದಲಿಸಬಹುದು, ಬದಲಿಸಿದರೆ ಯಾರೂ ಹಿಂದಿನದನ್ನು ಎತ್ತಿ ಆಡುವುದಿಲ್ಲ ಎಂಬ ಮಾತನ್ನು ಅವರಿಗೂ ಮನೆಯವರಿಗೂ ಒಟ್ಟಿಗೆ ಕೂರಿಸಿ ಹೇಳುತ್ತೇನೆ, ಮತ್ತು ರಾತ್ರಿ ಡ್ಯೂಟಿಯ ವೈದ್ಯರ ಕಣ್ಣಿಗೆ ಮೊದಲು ಬೀಳುವಂತೆ ಕೇಸ್ ಶೀಟಿನ ಮೊದಲ ಹಾಳೆಯಲ್ಲಿಯೇ ಅದನ್ನು ಬರೆಯುತ್ತೇನೆ.