ಮಗುವನ್ನು ಭೇಟಿಯಾಗಲು ತಂದೆ ಅರ್ಜಿ ಹಾಕುವುದು ಹೇಗೆ?

ದಂಪತಿ ಬೇರೆಯಾಗಿ ಮಗು ತಾಯಿಯ ಬಳಿ ಉಳಿದಾಗ ಅನೇಕ ತಂದೆಯರು ಪೂರ್ಣ ಕಸ್ಟಡಿಯನ್ನಷ್ಟೇ ಕೇಳಿ, ತೀರ್ಪಿಗೆ ಕಾಯುತ್ತಾ ಕೂರುತ್ತಾರೆ. ಅಷ್ಟರಲ್ಲಿ ವರ್ಷಗಳು ಉರುಳಿ ಮಗುವಿಗೆ ಅಪ್ಪನ ಒಡನಾಟವೇ ತಪ್ಪಿಹೋಗಿರುತ್ತದೆ. ಒಗ್ಗಿಕೊಂಡ ಮನೆಯಿಂದ ಮಗುವನ್ನು ಕದಲಿಸಲು ಆಗ ನ್ಯಾಯಾಲಯವೂ ಹಿಂಜರಿಯುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ ಭೇಟಿಗಾಗಿ ಮಧ್ಯಂತರ ಅರ್ಜಿಯನ್ನೂ (ಅಂತಿಮ ತೀರ್ಪಿಗೆ ಮೊದಲೇ ತಾತ್ಕಾಲಿಕ ಆದೇಶ ಕೋರುವ ಅರ್ಜಿ) ಹಾಕಿ.

ವಿಚ್ಛೇದನ ಪ್ರಕರಣ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿ ಅದೇ ನ್ಯಾಯಾಲಯದಲ್ಲಿ ಕೇಳಬಹುದು. ಇಲ್ಲದಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ (ಪೋಷಕರು ಮತ್ತು ಪಾಲಿತರ ಕಾಯ್ದೆ) ಇದೆ. ಅದರ 12ನೇ ಸೆಕ್ಷನ್ ಮಧ್ಯಂತರ ಆದೇಶಕ್ಕೆ ಅವಕಾಶ ಕೊಡುತ್ತದೆ. ಆ ಕಾಯ್ದೆಯಡಿ ಅರ್ಜಿ ಸಲ್ಲಿಸಬೇಕಾದದ್ದು ಮಗು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ. ನಿಮ್ಮೂರಿನಲ್ಲಿ ಹಾಕಿದರೆ ವ್ಯಾಪ್ತಿಯ ತಕರಾರಿನಲ್ಲೇ ತಿಂಗಳುಗಳು ಕಳೆಯುತ್ತವೆ.

1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆ ತಂದೆಯನ್ನು ಸ್ವಾಭಾವಿಕ ಪೋಷಕ ಎಂದರೂ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎನ್ನುತ್ತದೆ. ಕೊನೆಗೆ ತೂಗಿ ನೋಡುವುದು ಮಗುವಿನ ಹಿತವನ್ನೇ. ಆದ್ದರಿಂದ ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ತಾಯಿಯ ಮೇಲಿನ ದೂರುಗಳನ್ನು ಪೇರಿಸಬೇಡಿ. ಶಾಲೆಗೆ ಬಿಡುತ್ತಿದ್ದವರು ಯಾರು, ಲಸಿಕೆ ಹಾಕಿಸಿದವರು ಯಾರು, ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಬರೆದು ಶುಲ್ಕದ ರಸೀದಿ, ಲಸಿಕೆ ಕಾರ್ಡು ಲಗತ್ತಿಸಿ.

ಹೆಚ್ಚಿನವರು ಎಡವುವುದು ಕೋರಿಕೆಯ ಭಾಗದಲ್ಲಿ. ‘ಸೂಕ್ತ ಸಮಯದಲ್ಲಿ ಭೇಟಿಗೆ ಅವಕಾಶ ನೀಡಬೇಕು’ ಎಂದು ಬರೆದರೆ ಆದೇಶವೂ ಹಾಗೇ ಬಂದು, ಪ್ರತಿ ವಾರ ಜಗಳ ತಪ್ಪದು. ಹೀಗೆ ಬರೆಯಿರಿ: ‘ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಬೆಳಗ್ಗೆ 10ರಿಂದ ಸಂಜೆ 5. ತಾಯಿಯ ಮನೆಯ ಗೇಟಿನ ಬಳಿ ತಂದೆಯೇ ಕರೆದುಕೊಂಡು ಅಲ್ಲಿಗೇ ತಂದು ಬಿಡುವುದು. ಮಗುವಿಗೆ ಹುಷಾರಿಲ್ಲದಿದ್ದರೆ ಮುಂದಿನ ಭಾನುವಾರ.’ ಹಬ್ಬ, ಹುಟ್ಟುಹಬ್ಬ, ಶಾಲಾ ರಜೆಯ ಪಾಲನ್ನೂ ನಮೂದಿಸಿ. ವಿಡಿಯೊ ಕರೆ ಕೇಳಲು ಸಂಕೋಚ ಬೇಡ: ಕಸ್ಟಡಿ ಸಿಗದ ಪೋಷಕರು ದಿನಕ್ಕೆ 5–10 ನಿಮಿಷ ಮಗುವಿನೊಂದಿಗೆ ಮಾತನಾಡುವ ಹಕ್ಕು ಹೊಂದಿರಬೇಕು ಎಂದು ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಹೇಳಿದೆ. ಸಂಧಾನದಲ್ಲಿ ಒಪ್ಪಿಕೊಂಡದ್ದು ಬಾಯಿಮಾತಾಗಿ ಉಳಿಯದೆ ನ್ಯಾಯಾಲಯದ ಆದೇಶವಾಗಿ ದಾಖಲಾಗಲಿ.

ಭೇಟಿಯ ಹೊತ್ತು ಮಗುವಿನದು. ‘ಅಮ್ಮ ನನ್ನ ಬಗ್ಗೆ ಏನಂತಾಳೆ?’ ಎಂದು ಕೆದಕಿದರೆ ಮುಂದಿನ ಸಲ ಬರಲು ಮಗುವೇ ಅಳುತ್ತದೆ. ಬುದ್ಧಿ ಬಲಿತ ಮಗುವಿನ ಇಚ್ಛೆಯನ್ನು ನ್ಯಾಯಾಧೀಶರು ಪರಿಗಣಿಸಬಹುದು ಎಂಬುದು ನೆನಪಿರಲಿ.

ಆದೇಶವಿದ್ದೂ ಮಗುವನ್ನು ಕಳಿಸದಿದ್ದರೆ ಬಾಗಿಲಲ್ಲಿ ಕೂಗಾಡಬೇಡಿ. ‘ನಾನು ಬಂದಿದ್ದೇನೆ’ ಎಂದು ಅಲ್ಲಿಂದಲೇ ಸಂದೇಶ ಕಳಿಸಿ. ದಿನಾಂಕ, ಸಮಯ ಬರೆದಿಟ್ಟು ಆದೇಶ ಜಾರಿಗೆ ಅರ್ಜಿ ಹಾಕಿ. ಸಿಟ್ಟಿಗೆ ಜೀವನಾಂಶ ನಿಲ್ಲಿಸುವುದು, ಶಾಲೆಯಿಂದ ಮಗುವನ್ನು ಹೇಳದೆ ಕರೆದೊಯ್ಯುವುದು, ಇವೆರಡೂ ನಿಮ್ಮ ಪ್ರಕರಣವನ್ನೇ ಕೆಡಿಸುತ್ತವೆ.

ಕಸ್ಟಡಿ ಆದೇಶ ಶಾಶ್ವತವಲ್ಲ. ಪರಿಸ್ಥಿತಿ ಬದಲಾದಂತೆ ಮಾರ್ಪಾಡು ಕೇಳಬಹುದು. ಕೆಲವು ತಿಂಗಳು ಭೇಟಿ ತಪ್ಪದೆ ನಡೆದಿದ್ದರೆ, ಆ ದಾಖಲೆಯನ್ನೇ ಮುಂದಿಟ್ಟು ರಾತ್ರಿ ವಾಸ್ತವ್ಯಕ್ಕೆ, ರಜೆಯ ಅರ್ಧ ಭಾಗಕ್ಕೆ ಕೇಳಿ. ಬೇಸಿಗೆ ರಜೆಯದಾದರೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ತಡಮಾಡಿದರೆ ಎದುರು ಕಡೆಯವರ ಆಕ್ಷೇಪಣೆ ಬರುವಷ್ಟರಲ್ಲೇ ರಜೆ ಮುಗಿದಿರುತ್ತದೆ.