ಮನೆಯೊಳಗೆ ಮಳೆ: ‘ಸೋಲಾರಿಸ್’ ಚಿತ್ರದ ಅಂತ್ಯವನ್ನು ಬಿಡಿಸಿಕೊಳ್ಳುವುದು ಹೇಗೆ?

ಅಪ್ಪ ಒಳಗೆ ಪುಸ್ತಕ ಎತ್ತಿಡುತ್ತಿದ್ದಾರೆ. ಚಾವಣಿಯಿಂದ ನೀರು ಅವರ ಬೆನ್ನಿನ ಮೇಲೆ ಸುರಿಯುತ್ತಿದೆ, ಬಟ್ಟೆಯಿಂದ ಹಬೆ ಏಳುತ್ತಿದೆ. ಅವರಿಗೆ ಅದರ ಪರಿವೆಯೇ ಇಲ್ಲ. ಮಗ ಹೊರಗೆ ನಿಂತು ಕಿಟಕಿಯಿಂದ ನೋಡುತ್ತಿದ್ದಾನೆ. ಅವನು ನಿಂತ ಕಡೆ ಒಂದು ಹನಿಯೂ ಇಲ್ಲ. ಅಪ್ಪ ಬಾಗಿಲಿಗೆ ಬರುತ್ತಾರೆ, ಮಗ ಮಂಡಿಯೂರಿ ಅವರ ಕಾಲು ತಬ್ಬಿಕೊಳ್ಳುತ್ತಾನೆ. ಕ್ಯಾಮೆರಾ ಮೇಲೇರುತ್ತದೆ, ಮೋಡ ಅಡ್ಡ ಬರುತ್ತದೆ, ಮೋಡ ಸರಿದಾಗ ಮನೆ, ಕೊಳ, ಮರಗಳೆಲ್ಲ ಒಂದು ಪುಟ್ಟ ದ್ವೀಪವಾಗಿ ಸೋಲಾರಿಸ್ ಗ್ರಹದ ಸಾಗರದ ನಡುವೆ ತೇಲುತ್ತಿರುತ್ತವೆ.

ರಷ್ಯನ್ ನಿರ್ದೇಶಕ ಆಂದ್ರೇ ತಾರ್ಕೊವ್‌ಸ್ಕಿಯ ‘ಸೋಲಾರಿಸ್’ ತೆರೆಕಂಡದ್ದು 1972ರಲ್ಲಿ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಗ್ರಾಂ ಪ್ರಿ ಪಡೆಯಿತು. ಆ ಮಗನೇ ಕೆಲ್ವಿನ್, ಸೋಲಾರಿಸ್ ಗ್ರಹದ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮನೋವಿಜ್ಞಾನಿ. ‘ಕೆಲ್ವಿನ್ ಭೂಮಿಗೆ ಮರಳಿದನೇ, ಇಲ್ಲವೇ?’ ಎಂಬ ಪ್ರಶ್ನೆಗೆ ಅಂದಿನಿಂದಲೂ ವಾದ ನಡೆದೇ ಇದೆ. ಉತ್ತರಕ್ಕೆ ಬೇಕಾದ ಸಾಕ್ಷ್ಯವೆಲ್ಲ ಚಿತ್ರದೊಳಗೇ ಇದೆ, ಆದರೆ ಬಿಡಿಬಿಡಿಯಾಗಿ, ಎರಡು ಮುಕ್ಕಾಲು ಗಂಟೆಯ ಉದ್ದಕ್ಕೂ ಚೆಲ್ಲಿಕೊಂಡಿದೆ. ಅದನ್ನು ಆಯ್ದುಕೊಳ್ಳುವ ಕ್ರಮ ಹೀಗೆ.

ಮೊದಲು ಪೂರ್ತಿ ಪ್ರತಿ ಹುಡುಕಿ

ಚಿತ್ರದ ಉದ್ದ ಸುಮಾರು 166 ನಿಮಿಷ. ನಿಮ್ಮ ಕೈಯಲ್ಲಿರುವ ಪ್ರತಿ 160 ನಿಮಿಷ ತೋರಿಸಿದರೆ ಗಾಬರಿ ಬೇಡ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಟಿ.ವಿ.ಗಾಗಿ 25ರ ವೇಗದಲ್ಲಿ ಓಡಿಸಿದರೆ ಅಷ್ಟು ಕಡಿಮೆಯಾಗುತ್ತದೆ, ದೃಶ್ಯ ಯಾವುದೂ ಹೋಗಿರುವುದಿಲ್ಲ. ಎರಡೂಕಾಲು ಗಂಟೆಯ ಆಸುಪಾಸಿನಲ್ಲಿದ್ದರೆ ಮಾತ್ರ ಅದು ಕತ್ತರಿ ಬಿದ್ದ ಪ್ರತಿ, ಬಿಟ್ಟುಬಿಡಿ. ಭೂಮಿಯ ಮೇಲಿನ ಮೊದಲ ಭಾಗ ನಿಧಾನ ಎಂದು ಓಡಿಸಿಕೊಂಡು ನೋಡುವುದೂ ಕತ್ತರಿ ಹಾಕಿದಂತೆಯೇ. ಕೊನೆಯ ಹತ್ತು ನಿಮಿಷಕ್ಕೆ ಬೇಕಾದ ಕೀಲಿಕೈಗಳಲ್ಲಿ ಅರ್ಧದಷ್ಟು ಆ ಭಾಗದಲ್ಲೇ ಇವೆ.

ಆರಂಭದ ದೃಶ್ಯಗಳನ್ನು ಗುರುತು ಹಾಕಿಕೊಳ್ಳಿ

ಕಾಗದ, ಪೆನ್ನು ಇಟ್ಟುಕೊಂಡು ನಾಲ್ಕು ವಿಷಯ ಬರೆದುಕೊಳ್ಳಿ. ಕೊಳದ ನೀರಿನೊಳಗೆ ಪಾಚಿ ಬಳುಕುವುದು. ಕೆಲ್ವಿನ್ ಕೈಯಲ್ಲಿರುವ ಲೋಹದ ಪೆಟ್ಟಿಗೆ. ಹಠಾತ್ತನೆ ಬರುವ ಮಳೆ, ಆ ಮಳೆಯಲ್ಲಿ ತೋಯುವ ಚಹದ ಬಟ್ಟಲುಗಳು, ಒಳಗೆ ಓಡದೆ ಸುಮ್ಮನೆ ನೆನೆಯುತ್ತ ನಿಂತ ಕೆಲ್ವಿನ್. ನಾಲ್ಕನೆಯದು, ತಮ್ಮ ಹಿರಿಯರ ಮನೆ ಇಷ್ಟವಾಗಿದ್ದರಿಂದ ಅದೇ ಥರದ ಮನೆ ಕಟ್ಟಿಸಿದೆವು ಎಂದು ಅಪ್ಪ, ಸೋಲಾರಿಸ್‌ಗೆ ಹೋಗಿಬಂದ ಪೈಲಟ್ ಬರ್ಟನ್‌ಗೆ ಹೇಳುವ ಮಾತು. ಹೀಗೆ ಹೇಳಿ ಹಾಗೆ ಮುಗಿದುಹೋಗುವ ಮಾತಿದು, ಕಿವಿಗೆ ಬೀಳದೆಯೂ ಹೋಗಬಹುದು. ಆದರೆ ಭೂಮಿಯ ಮೇಲಿನ ‘ಅಸಲಿ’ ಮನೆಯೇ ನೆನಪಿನಿಂದ ಕಟ್ಟಿದ ನಕಲು ಎಂದು ಚಿತ್ರ ಮೊದಲೇ ಹೇಳಿಬಿಟ್ಟಿದೆ.

ಬರ್ಟನ್‌ನ ವರದಿಯನ್ನೂ ತಾಳ್ಮೆಯಿಂದ ಕೇಳಿ. ಸಾಗರದ ಮೇಲೆ ಹಾರುವಾಗ ತಾನೊಂದು ತೋಟ ಕಂಡೆ, ಅದು ಗಾರೆಯಿಂದ ಮಾಡಿದಂತಿತ್ತು, ಆಮೇಲೆ ನಾಲ್ಕು ಮೀಟರ್ ಎತ್ತರದ ಮಗುವನ್ನು ಕಂಡೆ ಎನ್ನುತ್ತಾನೆ. ಅಧಿಕಾರಿಗಳು ನಂಬುವುದಿಲ್ಲ, ಅವನ ಕ್ಯಾಮೆರಾದಲ್ಲಿ ಸಿಕ್ಕಿದ್ದು ಬರೀ ಮೋಡ. ಮನುಷ್ಯರ ಮನಸ್ಸಿನಲ್ಲಿರುವುದನ್ನು ಸಾಗರ ತನ್ನ ಮೈಮೇಲೆ ಕಟ್ಟಬಲ್ಲದು, ಅಳತೆಯಲ್ಲಿ ತಪ್ಪಲೂಬಲ್ಲದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ನಕಲಿನ ತಪ್ಪುಗಳನ್ನು ಹಿಡಿಯಿರಿ

ಇಡೀ ಅಂತ್ಯ ತೆರೆದುಕೊಳ್ಳುವುದು ಒಂದು ಉಡುಪಿನಿಂದ. ನಿಲ್ದಾಣದಲ್ಲಿ ಕೆಲ್ವಿನ್ ನಿದ್ದೆಯಿಂದ ಏಳುವಾಗ, ಹತ್ತು ವರ್ಷದ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಖಾರಿ ಎದುರಿಗೆ ಕೂತಿದ್ದಾಳೆ. ಬಟ್ಟೆ ಬಿಚ್ಚಲು ಹೋದರೆ ಬಿಚ್ಚುವುದಿಲ್ಲ. ಬೆನ್ನ ಹಿಂದೆ ದಾರದ ಹೆಣಿಗೆ ಕಾಣುತ್ತದೆ, ಆದರೆ ಅದರಡಿ ತೆರಪೇ ಇಲ್ಲ. ಕೆಲ್ವಿನ್ ಕತ್ತರಿ ತಂದು ಕತ್ತರಿಸಬೇಕಾಗುತ್ತದೆ. ಇಲ್ಲಿ ಚಿತ್ರವನ್ನು ನಿಲ್ಲಿಸಿ, ಏಕೆ ಹೀಗೆ ಎಂದು ಕೇಳಿಕೊಳ್ಳಿ. ಸಾಗರ ಅವಳನ್ನು ಮಾಡಿದ್ದು ಅವನ ನೆನಪಿನಿಂದ. ಅವಳು ಆ ಉಡುಪಿನಲ್ಲಿ ಹೇಗೆ ಕಾಣುತ್ತಿದ್ದಳು ಎಂಬುದು ಅವನಿಗೆ ನೆನಪಿದೆ. ಅದು ಹೇಗೆ ಬಿಚ್ಚುತ್ತದೆ ಎಂಬುದು ನೆನಪಿಲ್ಲ. ಮೇಲ್ಮೈ ಸರಿಯಿದೆ, ಒಳಗಿನ ಕೆಲಸ ತಪ್ಪಿದೆ.

ಈಗ ಕೊನೆಯ ಮನೆಗೆ ಬನ್ನಿ. ಮಳೆ, ಅಪ್ಪ, ಕಿಟಕಿ, ಪುಸ್ತಕ ಎಲ್ಲವೂ ಇವೆ. ಮಳೆ ಎಲ್ಲಿ ಬೀಳಬೇಕು ಎಂಬುದಷ್ಟೇ ತಪ್ಪಿದೆ. ಉಡುಪಿನಲ್ಲಿ ಆದ ತಪ್ಪೇ ಇಲ್ಲಿ ಮನೆಯ ಅಳತೆಗೆ ಹಿಗ್ಗಿದೆ. ಬೆನ್ನ ಮೇಲೆ ನೀರು ಸುರಿದರೂ ಅಪ್ಪನಿಗೆ ತಿಳಿಯದಿರುವುದೂ ಹೊಸತಲ್ಲ. ಲೋಹದ ಬಾಗಿಲು ಹರಿದುಕೊಂಡು ಬಂದ ಖಾರಿಯ ಗಾಯಗಳು ನೋಡನೋಡುತ್ತಲೇ ಮಾಯುತ್ತವೆ, ದ್ರವ ಆಮ್ಲಜನಕ ಕುಡಿದರೂ ಅವಳು ಮತ್ತೆ ಬದುಕುತ್ತಾಳೆ. ಸಾಗರ ಮಾಡಿದ ಮೈಗಳು ನಮ್ಮ ಮೈಗಳಂತೆ ನಡೆದುಕೊಳ್ಳುವುದಿಲ್ಲ.

ಸ್ನಾವುತ್‌ನ ಮಾತನ್ನು ಬಿಡಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕೆಲ್ವಿನ್‌ನ ಮಿದುಳಿನ ಅಲೆಗಳ ದಾಖಲೆಯನ್ನು ಎಕ್ಸ್-ರೇ ಮೂಲಕ ಸಾಗರಕ್ಕೆ ಕಳಿಸಲಾಗುತ್ತದೆ. ಅವನು ಜ್ವರದಲ್ಲಿ ಮಲಗುತ್ತಾನೆ, ಕನಸಿನಲ್ಲಿ ಅಮ್ಮ ಅವನ ತೋಳಿನ ಕೊಳೆ ತೊಳೆಯುತ್ತಾಳೆ. ಎಚ್ಚರವಾದಾಗ ಖಾರಿ ಇಲ್ಲ, ಅವಳ ಪತ್ರ ಮಾತ್ರ ಇದೆ. ಆಮೇಲೆ ನಿಲ್ದಾಣದ ವಿಜ್ಞಾನಿ ಸ್ನಾವುತ್ ಸಣ್ಣ ದನಿಯಲ್ಲಿ ಎರಡು ಸಂಗತಿ ಹೇಳುತ್ತಾನೆ: ಆ ದಾಖಲೆ ಕಳಿಸಿದ ಮೇಲೆ ಖಾರಿಯಂಥ ‘ಅತಿಥಿ’ಗಳು ಮತ್ತೆ ಬಂದಿಲ್ಲ, ಸಾಗರದ ಮೇಲೆ ದ್ವೀಪಗಳು ಏಳತೊಡಗಿವೆ. ಅಡಿಬರಹದಲ್ಲಿ ಎರಡು ಸಾಲು ಬಂದು ಹೋಗುತ್ತವೆ, ಅಷ್ಟೇ. ಅದನ್ನು ತಪ್ಪಿಸಿಕೊಂಡವರಿಗೆ ಕೊನೆಯ ದ್ವೀಪ ಎಲ್ಲಿಂದಲೋ ಉದುರಿದ ಚಮತ್ಕಾರದಂತೆ ಕಾಣುತ್ತದೆ. ಹಿಡಿದವರಿಗೆ ಅದು ಮೊದಲೇ ತಿಳಿಸಿಟ್ಟ ಸುದ್ದಿ.

ನೀವು ಭೂಮಿಗೆ ಮರಳುವ ಹೊತ್ತಾಯಿತು ಎಂದೂ ಸ್ನಾವುತ್ ಹೇಳುತ್ತಾನೆ. ಆಗ ಕ್ಯಾಮೆರಾ ಕಿಟಕಿಯ ಬಳಿಯ ಲೋಹದ ಪೆಟ್ಟಿಗೆಯನ್ನು ತೋರಿಸುತ್ತದೆ. ಭೂಮಿಯಿಂದ ತಂದ ಮಣ್ಣಿನಲ್ಲಿ ಗಿಡ ಚಿಗುರಿದೆ. ಅಲ್ಲಿಂದ ನೇರ ಕೊಳಕ್ಕೆ ಕತ್ತರಿ. ರಾಕೆಟ್ ಇಲ್ಲ, ಪಯಣವಿಲ್ಲ, ಇಳಿಯುವುದಿಲ್ಲ. ಹೋಗುವಾಗ ನಕ್ಷತ್ರಗಳನ್ನಾದರೂ ತೋರಿಸಿದ್ದ ಚಿತ್ರ ಬರುವಾಗ ಏನನ್ನೂ ತೋರಿಸುವುದಿಲ್ಲ. ಆರಂಭದಲ್ಲಿ ಬಳುಕಿದ ಪಾಚಿ ಇಲ್ಲಿ ಅಲುಗದೆ ನಿಂತಿದೆ. ಇದೇ ಕೊಳದ ದೃಶ್ಯದಲ್ಲಿ ಚಿತ್ರದಲ್ಲಿ ಹಿಂದೆಯೂ ಕೇಳಿದ ಬಾಖ್‌ನ ಎಫ್ ಮೈನರ್ ಕೋರಲ್ ಪ್ರಿಲ್ಯೂಡ್ (ಚರ್ಚಿನ ಗೀತೆಯನ್ನು ಆಧರಿಸಿದ ಆರ್ಗನ್ ಕೃತಿ) ಮರಳಿ ಬರುತ್ತದೆ, ಆದರೆ ಚಿತ್ರದ ಸಂಗೀತಕಾರ ಎದುವರ್ದ್ ಅರ್ತೆಮ್ಯೆವ್ ಅದರ ಮೇಲೆ ವಿದ್ಯುನ್ಮಾನ ದನಿಗಳ ಪದರ ಹಾಕಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿದರೆ ಗೊತ್ತಾಗುತ್ತದೆ: ಪರಿಚಿತ ಸ್ವರಕ್ಕೆ ಬೇರೆ ಏನೋ ಮೆತ್ತಿಕೊಂಡಿದೆ.

ನಾಲ್ಕು ಓದುಗಳನ್ನು ಒರೆಗೆ ಹಚ್ಚಿ

‘ಅವನು ನಿಜವಾಗಿ ಮರಳಿದ, ದ್ವೀಪ ಬರೀ ರೂಪಕ’ ಎಂಬ ಓದು ಮನೆಯೊಳಗಿನ ಮಳೆಗೆ ಕಾರಣ ಕೊಡಲಾರದು. ‘ಎಲ್ಲ ಜ್ವರದ ಕನಸು’ ಎಂಬುದಕ್ಕೆ ಅಮ್ಮನ ಕನಸು ಸ್ವಲ್ಪ ಬಲ ಕೊಡುತ್ತದೆ. ಆದರೆ ಕ್ಯಾಮೆರಾ ಕೆಲ್ವಿನ್‌ನನ್ನು ಬಿಟ್ಟು, ಅವನು ಕಾಣಲಾರದ ಎತ್ತರಕ್ಕೆ ಏರುತ್ತದೆ. ಕನಸು ಕಾಣುವವನ ಕಣ್ಣು ಅದಲ್ಲ. ‘ಈ ಕೆಲ್ವಿನ್ನೇ ನಕಲು’ ಎಂಬುದು ಜಾಣ ಊಹೆ, ಅಲ್ಲಗಳೆಯಲು ಆಗದು. ಆದರೆ ಸಾಕ್ಷ್ಯವೂ ಇಲ್ಲ. ಉಳಿಯುವುದು ‘ಅವನು ಅಲ್ಲೇ ಉಳಿದ, ಸಾಗರ ಅವನಿಗೆ ಮನೆ ಕಟ್ಟಿಕೊಟ್ಟಿತು’ ಎಂಬ ಓದು. ಅತಿಥಿಗಳ ಮೈ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳದ್ದು, ಅದು ನಿಲ್ಲುವುದು ಸೋಲಾರಿಸ್‌ನ ಬಲಕ್ಷೇತ್ರದಲ್ಲಿ ಎಂದು ವಿಜ್ಞಾನಿ ಸಾರ್ತೊರಿಯಸ್ ಹೇಳುತ್ತಾನೆ. ಅಂಥ ಅಪ್ಪ ಬೇಕೆಂದರೆ ಅಲ್ಲೇ ಇರಬೇಕು. ನಮ್ಮ ಲೆಕ್ಕಕ್ಕೆ ಇದೇ ಗಟ್ಟಿ.

ಮಳೆ ತಾರ್ಕೊವ್‌ಸ್ಕಿಯ ರೂಢಿ, ಅದಕ್ಕೆ ಇಷ್ಟು ಅರ್ಥ ಹಚ್ಚಬೇಡಿ ಎನ್ನುವವರಿದ್ದಾರೆ. ನಿಜ, 1979ರ ‘ಸ್ಟಾಕರ್’ನಲ್ಲೂ ಕೋಣೆಯೊಳಗೆ ಮಳೆ ಬರುತ್ತದೆ, 1983ರ ‘ನಾಸ್ಟಾಲ್ಜಿಯಾ’ ಮುಗಿಯುವುದು ಇಟಲಿಯ ಪಾಳು ಚರ್ಚಿನೊಳಗೆ ನಿಂತ ರಷ್ಯನ್ ಮನೆಯೊಂದಿಗೆ. ಆದರೆ ‘ಸೋಲಾರಿಸ್’ನಲ್ಲಿ ಆ ಮಳೆಗೆ ಕಥೆಯೊಳಗೇ ಕಾರಣ ಇಟ್ಟಿದ್ದಾರೆ. ಇನ್ನೊಂದು ಎಚ್ಚರಿಕೆ: ಚಿತ್ರಕ್ಕೆ ಮೂಲವಾದ ಸ್ತಾನಿಸ್ವಾವ್ ಲೆಮ್‌ರ 1961ರ ಕಾದಂಬರಿಯ ಅಂತ್ಯವನ್ನು ಇಲ್ಲಿಗೆ ತರಬೇಡಿ. ಅಲ್ಲಿ ಅಪ್ಪನೂ ಇಲ್ಲ, ಮನೆಯೂ ಇಲ್ಲ; ಕೆಲ್ವಿನ್ ಸಾಗರದ ಅಲೆಗೆ ಕೈ ಚಾಚುತ್ತಾನೆ, ಅಲೆ ಅವನ ಕೈಯನ್ನು ತಾಕದೆ ಸುತ್ತುವರಿಯುತ್ತದೆ. ತಾರ್ಕೊವ್‌ಸ್ಕಿ ಮಾಡಿದ್ದು ದಸ್ತಯೆವ್‌ಸ್ಕಿಯ ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ಯನ್ನು, ‘ಸೋಲಾರಿಸ್’ ಅನ್ನಲ್ಲ ಎಂದು ಲೆಮ್ ಮುನಿಸಿಕೊಂಡಿದ್ದರು. ಆ ಮುನಿಸೇ ಒಳ್ಳೆಯ ಸುಳಿವು. ಲೆಮ್‌ಗೆ ಮುಖ್ಯವಾದದ್ದು ಅನ್ಯಲೋಕ, ಚಿತ್ರಕ್ಕೆ ಮುಖ್ಯವಾದದ್ದು ತಪ್ಪೊಪ್ಪಿಗೆ.

ಕೊನೆಗೆ ಮಂಡಿಯೂರಿದ ಚೌಕಟ್ಟಿನಲ್ಲಿ ನಿಲ್ಲಿಸಿ

ಪಕ್ಕದಲ್ಲಿ ರೆಂಬ್ರಾಂಟ್‌ನ ‘ದಾರಿ ತಪ್ಪಿದ ಮಗನ ಮರಳುವಿಕೆ’ ಚಿತ್ರವನ್ನು ತೆರೆದಿಡಿ. ಮೂಲ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್‌ನಲ್ಲಿದೆ. ಮಂಡಿಯೂರಿದ ಮಗ, ಹೆಗಲ ಮೇಲೆ ಅಪ್ಪನ ಎರಡು ಕೈ: ಭಂಗಿ ಅಲ್ಲಿಂದಲೇ ಬಂದದ್ದು. ಕೆಲ್ವಿನ್ ಎಲ್ಲಿದ್ದಾನೆ ಎಂಬುದು ಇಷ್ಟು ಹೊತ್ತಿಗೆ ಬಗೆಹರಿದಿರುತ್ತದೆ. ಬಗೆಹರಿಯದೆ ಉಳಿಯುವ ಪ್ರಶ್ನೆ ಬೇರೆ: ಹೊರಡುವಾಗ ಜಗಳವಾಡಿದ, ಇನ್ನು ಸಿಗಲಾರದ ಅಪ್ಪನ ಕ್ಷಮೆಯನ್ನು ನಕಲಿನಿಂದ ಪಡೆಯಬಹುದೇ? ಇದಕ್ಕೆ ಉತ್ತರ ಹುಡುಕಲು ಖಾರಿಯ ಕಡೆಗೇ ಹಿಂದಿರುಗಿ. ಮೊದಲು ಬಂದವಳನ್ನು ಅವನು ರಾಕೆಟ್‌ಗೆ ತುಂಬಿ ಅಟ್ಟುತ್ತಾನೆ. ಎರಡನೆಯ ಸಲ ಬಂದಾಗ, ಅವಳು ಏನೆಂದು ಚೆನ್ನಾಗಿ ತಿಳಿದೂ, ಪ್ರೀತಿಸುತ್ತಾನೆ. ಕಿಟಕಿಯ ಹೊರಗೆ ನಿಂತು ಒಳಗಿನ ಮಳೆಯನ್ನು ನೋಡಿದವನಿಗೂ ಗೊತ್ತಾಗಿದೆ. ಗೊತ್ತಾದ ಮೇಲೆಯೇ ಬಾಗಿಲಿಗೆ ಹೋಗುತ್ತಾನೆ.